ರೂಪಾಯಿ, ತೂಕದ ಕಲ್ಲು ಮತ್ತು ಒಂದು ಮ್ಯೂಸಿಯಂ

ಬಹರೈನಿಗೆ ಬಂದ ಹೊಸದರಲ್ಲೇ ನಾವೆಲ್ಲ ಮೆಂಬರ್ ಆಗೋದು 1977ರಲ್ಲಿ ಶುರುವಾದ ಇಲ್ಲಿನ ಕನ್ನಡ ಸಂಘಕ್ಕೆ. ಯುಗಾದಿ, ರಾಜ್ಯೋತ್ಸವ, ನಾಟಕ ಅಂತ ವರ್ಷದ ಕಾರ್ಯಕ್ರಮ ಬಾಯಿಪಾಠ. ಆದರೆ ಮನಾಮದ ಸಮುದ್ರದ ದಡದಲ್ಲಿರುವ ನ್ಯಾಷನಲ್ ಮ್ಯೂಸಿಯಂನಲ್ಲಿ ಈ ವರ್ಷ ಯಾವ ಪ್ರದರ್ಶನ ಇದೆ ಅಂತ ಕೇಳಿದರೆ? ನಾನೂ ತಲೆ ಕೆರೆದುಕೊಳ್ಳುತ್ತಿದ್ದವನೇ. ಊರಿಂದ ನೆಂಟರು ಬಂದರೆ ಮಾಲ್, ಟ್ರೀ ಆಫ್ ಲೈಫ್... ಅಲ್ಲಿಗೆ ಮುಗೀತು. ಮ್ಯೂಸಿಯಂ ಅಂದ್ರೆ ಅದು ಅವರ ಚರಿತ್ರೆ, ನಮಗ್ಯಾಕೆ ಅನ್ನೋ ಭಾವನೆ.

ಅದು ಬದಲಾದದ್ದು ಮಂಗಳೂರು ಕಡೆಯ ಗೆಳೆಯರೊಬ್ಬರಿಂದ. ಗೋದಾಮಿನಲ್ಲಿ ಹದಿನೇಳು ವರ್ಷ ದುಡಿದವರು. ವೀಸಾ ಕ್ಯಾನ್ಸಲ್ ಆಗಿ ಊರಿಗೆ ಹೊರಟ ವಾರ, "ಒಮ್ಮೆ ಅದರ ಒಳಗೆ ಏನುಂಟು ಅಂತ ನೋಡುವ ಮಾರಾಯ್ರೇ" ಅಂದರು. ಹೋದೆವು. ಒಳಗೆ ನೆಲದ ಮೇಲೆ ಇಡೀ ಬಹರೈನಿನ ದೊಡ್ಡ ನಕ್ಷೆ. ಅದರ ಮೇಲೇ ನಡೆದಾಡಬಹುದು. ಅವರು ತಮ್ಮ ಕ್ಯಾಂಪ್ ಇದ್ದ ಜಾಗ ಹುಡುಕಿ ಅದರ ಮೇಲೆ ಒಂದು ನಿಮಿಷ ಸುಮ್ಮನೆ ನಿಂತರು. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ, ಗುಂಡಿಯಷ್ಟೇ ದೊಡ್ಡದಾದ ದಿಲ್ಮುನ್ ಮುದ್ರೆಗಳನ್ನು ನೋಡಿ, "ಇದು ನಮ್ಮ ಗೋದಾಮಿನ ಸೀಲಿನ ಹಾಗೇ ಉಂಟಲ್ಲ!" ಅಂದರು. ನಕ್ಕೆ. ಮನೆಗೆ ಬಂದು ಓದಿದರೆ, ಅವರು ಹೇಳಿದ್ದು ಸರಿ! ವ್ಯಾಪಾರಿಗಳು ಸರಕಿಗೆ ಒತ್ತುತ್ತಿದ್ದ ಮುದ್ರೆಗಳೇ ಅವು.

ಈ ದ್ವೀಪವನ್ನು ನಾಲ್ಕು ಸಾವಿರ ವರ್ಷಗಳ ಹಿಂದೆ ದಿಲ್ಮುನ್ ಅಂತಿದ್ದರು. ಕ್ರಿ.ಪೂ. 2200ರಿಂದ 1750ರ ನಡುವಿನ 11,774 ಸಮಾಧಿ ದಿಬ್ಬಗಳು ಇಲ್ಲಿವೆ. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅಂಥದೊಂದು ದಿಬ್ಬವನ್ನೇ ಎಬ್ಬಿಸಿ ತಂದು ಮ್ಯೂಸಿಯಂ ಒಳಗೆ ಇಟ್ಟಿದ್ದಾರೆ.

ಇದನ್ನೆಲ್ಲ ಅಗೆದು ತೋರಿಸಿದವರಲ್ಲಿ ಜೆಫ್ರಿ ಬಿಬ್ಬಿ ಅಂತ ಒಬ್ಬ ಇಂಗ್ಲಿಷಿನವ. ಅವನೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವನು, ತೈಲ ಕಂಪನಿಯ ನೌಕರ! ದಿಬ್ಬಗಳ ಗುಂಗು ಬಿಡದೆ, 1953ರಲ್ಲಿ ಪಿ. ವಿ. ಗ್ಲೋಬ್ ಜೊತೆ ಡೆನ್ಮಾರ್ಕಿನ ತಂಡ ಕಟ್ಟಿಕೊಂಡು ವಾಪಸ್ ಬಂದ. ಬಹರೈನ್ ಕೋಟೆಯ ದಿಬ್ಬದಲ್ಲಿ ಅವರಿಗೆ ತೂಕದ ಕಲ್ಲುಗಳು ಸಿಕ್ಕವು. ತೂಗಿ ನೋಡಿದರೆ ಅವು ಮೆಸಪೊಟೇಮಿಯದ ಲೆಕ್ಕಕ್ಕೆ ಹೊಂದಲಿಲ್ಲ, ಸಿಂಧೂ ಕಣಿವೆಯ ಅಳತೆಗೆ ಹೊಂದಿದವು. ಅಂದ್ರೆ ಉರ್ ಪಟ್ಟಣ ಹತ್ತಿರವಿದ್ದರೂ ದಿಲ್ಮುನ್ ವ್ಯಾಪಾರಿ ತಕ್ಕಡಿಯಲ್ಲಿ ಇಡುತ್ತಿದ್ದದ್ದು ನಮ್ಮ ಕಡೆಯ ಕಲ್ಲನ್ನು. ಭಾರತದ ಜೊತೆಗಿನ ವ್ಯಾಪಾರವೇ ಮೊದಲಿನದು ಅಂತ ಬಿಬ್ಬಿ ವಾದಿಸಿದ.

ಇದು ಹಳೇ ಕಥೆ ಬಿಡಿ ಅಂತೀರಾ? ಪಕ್ಕದ ಕೋಲ್ಡ್ ಸ್ಟೋರಿಗೆ ಹೋಗಿ ನೋಡಿ. ಈಗಲೂ ಇಲ್ಲಿನವರು ನೂರು ಫಿಲ್ಸ್‌ಗೆ "ರುಬಿಯಾ" ಅಂತಾರೆ. 1965ರಲ್ಲಿ ದಿನಾರ್ ಬರುವ ತನಕ ಇಲ್ಲಿ ಓಡುತ್ತಿದ್ದದ್ದು ರೂಪಾಯಿ. ಹತ್ತು ರೂಪಾಯಿಗೆ ಒಂದು ದಿನಾರ್, ದಿನಾರಿಗೆ ಸಾವಿರ ಫಿಲ್ಸ್. ಲೆಕ್ಕ ಸರಿಹೋಯ್ತಲ್ಲ? ತೂಕದ ಕಲ್ಲು ಮಣ್ಣಿನಡಿ ಹೋಯಿತು, ರೂಪಾಯಿ ನಾಲಿಗೆಯಲ್ಲಿ ಉಳಿಯಿತು.

ಮ್ಯೂಸಿಯಂ ಬಾಗಿಲು ತೆರೆದದ್ದು 1988ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲೇ, 1972ರಲ್ಲಿ ಶುರುವಾದ ವಾರ್ಷಿಕ ಲಲಿತಕಲಾ ಪ್ರದರ್ಶನದಲ್ಲಿ ಇಲ್ಲಿನವರ ಜೊತೆ ಇಲ್ಲಿ ನೆಲೆಸಿದ ಪರದೇಶಿ ಕಲಾವಿದರ ಕೃತಿಗಳೂ ಇರುತ್ತವೆ. ಮಕ್ಕಳು ಚಿತ್ರ ಬರೀತಾರೆ ಅಂತ ಖುಷಿಪಡೋ ನಾವು ಅವರನ್ನು ಕರಕೊಂಡು ಹೋಗಿದ್ದೇವಾ?

ನಮ್ಮ ಪಾಸ್‌ಪೋರ್ಟಿನ ವೀಸಾಕ್ಕೆ ಒಂದು ಕೊನೆ ತಾರೀಖು ಇದೆ. ಗೆಳೆಯರಿಗೆ ಆ ಮೊದಲ ಭೇಟಿಯೇ ಕೊನೆಯದಾಯಿತು. ಏರ್‌ಪೋರ್ಟಿನಲ್ಲಿ ಅವರು ಹೇಳಿದ್ದು ಇಷ್ಟೇ: "ಮೊದಲೇ ನೋಡಿದ್ದರೆ ನಾನು ಇಲ್ಲಿ ಬರೀ ಕೂಲಿಗೆ ಬಂದವ ಅಂತ ಅನಿಸ್ತಿರಲಿಲ್ಲ."

ಅದಕ್ಕೇ ಈಗ ವರ್ಷದ ಮೊದಲಿಗೇ ಮ್ಯೂಸಿಯಂನ ಪ್ರದರ್ಶನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕ್ಕೊಳ್ತೇನೆ, ಸಂಘದ ಯುಗಾದಿಯ ಪಕ್ಕದಲ್ಲೇ. ನೀವೂ ಹೋಗಿ ಬನ್ನಿ. ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.