ಕುದುರೆಯ ಹಿಂದೆ ಹರಿದ ನೀರು

ಗಂಗೆಯು ಭಗೀರಥನ ರಥವನ್ನು ಹಿಂಬಾಲಿಸಿದ ಕಥೆ ನಮಗೆಲ್ಲ ಚಿರಪರಿಚಿತ. ಇಂಗ್ಲೆಂಡಿನ ನೈಋತ್ಯ ಮೂಲೆಯ ಬಂದರುಪಟ್ಟಣವಾದ ಪ್ಲಿಮತ್‌ನಲ್ಲಿಯೂ ಅಂಥದೇ ಐತಿಹ್ಯವೊಂದಿದೆ. ಊರಿಗೆ ನೀರಿಲ್ಲದಿರಲು ನಾವಿಕ ಫ್ರಾನ್ಸಿಸ್ ಡ್ರೇಕ್ ಡಾರ್ಟ್‌ಮೂರ್ ಎಂಬ ಗುಡ್ಡಸೀಮೆಗೆ ಕುದುರೆಯೇರಿ ಹೋದನಂತೆ. ಬುಗ್ಗೆಯೊಂದರ ಬಳಿ ಮಂತ್ರ ನುಡಿದು ಹಿಂದಿರುಗಿದಾಗ, ನೀರು ಕುದುರೆಯ ಬಾಲವನ್ನೇ ಅನುಸರಿಸಿ ಊರಿನವರೆಗೆ ಹರಿದುಬಂದಿತಂತೆ.

ತರಗತಿಯಲ್ಲಿ ನಾನು ಡ್ರೇಕನನ್ನು ಭೂಪ್ರದಕ್ಷಿಣೆ ಮಾಡಿದವನೆಂದೂ 1588ರಲ್ಲಿ ಸ್ಪೇನಿನ ನೌಕಾಪಡೆಯನ್ನು ಎದುರಿಸಿದವನೆಂದೂ ಪರಿಚಯಿಸುತ್ತಿದ್ದೆ. ಈ ಕಾಲುವೆಯ ಸಂಗತಿಯನ್ನು ಓದಿದ್ದು ನಿವೃತ್ತನಾದ ಮೇಲೆಯೇ.

ದಾಖಲೆಗಳು ಹೇಳುವ ಕಥೆ ಬೇರೆ. ಕಾಲುವೆಗೆ ಪಾರ್ಲಿಮೆಂಟಿನ ಅನುಮತಿ 1585ರಲ್ಲಿಯೇ ದೊರೆತಿತ್ತು. ಊರಿನ ಬಳಕೆಗೂ ಹಡಗುಗಳಿಗೂ ನೀರು ಬೇಕಾಗಿತ್ತು. ಬಂದರಿನಲ್ಲಿ ತುಂಬುತ್ತಿದ್ದ ಹೂಳನ್ನೂ ತೊಳೆಯಬೇಕಾಗಿತ್ತು. ನಗರಸಭೆಯು ಡ್ರೇಕನಿಗೆ 300 ಪೌಂಡುಗಳ ಗುತ್ತಿಗೆ ಕೊಟ್ಟಿತು: ಕೆಲಸಕ್ಕೆ 200, ಜಮೀನಿನ ಒಡೆಯರ ಪರಿಹಾರಕ್ಕೆ 100. 1590ರ ಡಿಸೆಂಬರಿನಲ್ಲಿ ಅಗೆತ ಆರಂಭವಾಗಿ, 1591ರ ಏಪ್ರಿಲ್ 24ರಂದು ಮೀವಿ ನದಿಯ ನೀರು ಪಟ್ಟಣವನ್ನು ಮುಟ್ಟಿತು. ಸುಮಾರು 28 ಕಿಲೋಮೀಟರು ಉದ್ದದ ಮಣ್ಣುಕಾಲುವೆಯದು. ನೀರೆತ್ತುವ ಯಂತ್ರವಿಲ್ಲ, ಗುಡ್ಡದ ಮೈಯನ್ನು ಬಳಸುತ್ತ, ಅತ್ಯಲ್ಪ ಇಳಿಜಾರನ್ನು ಕಾಯ್ದುಕೊಳ್ಳುತ್ತ ಸಾಗಬೇಕು. ಆದುದರಿಂದಲೇ ದಾರಿ ಅಷ್ಟೊಂದು ಸುತ್ತಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಡ್ರೇಕನು ಅದೇ ಕಾಲುವೆಯ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳನ್ನು ಕಟ್ಟಿಸಿ, ಅವುಗಳ ಆದಾಯವನ್ನು ದೀರ್ಘಾವಧಿಯ ಗೇಣಿಯ ಮೇಲೆ ತಾನೇ ಪಡೆದನು. ಇದರ ವಿರುದ್ಧದ ಅಹವಾಲು 1593ರಲ್ಲಿ ಪಾರ್ಲಿಮೆಂಟನ್ನು ತಲುಪಿದಾಗ, ಪ್ಲಿಮತ್‌ನ ಸದಸ್ಯನಾಗಿ ಅಲ್ಲಿದ್ದವನೂ ಅವನೇ! ಗಿರಣಿಗಳು ಉಳಿದವು.

ಇಷ್ಟರಿಂದ ಅವನ ಉಪಕಾರ ಸುಳ್ಳಾಗುವುದಿಲ್ಲ. ಮುನ್ನೂರು ವರ್ಷಗಳ ಕಾಲ ಆ ನೀರು ಊರನ್ನು ಸಲಹಿತು. 1898ರಲ್ಲಿ ಬರೇಟರ್ ಜಲಾಶಯ ಸಿದ್ಧವಾದಾಗ ಕಾಲುವೆಯ ಮೊದಲ ಭಾಗವು ಅದರಲ್ಲಿ ಮುಳುಗಿತು. ನೀರು ತಂದವನ ವಂಶಜರಿಗೆ ದ್ರಾಕ್ಷಾರಸದ ಕೊರತೆಯಾಗದಿರಲೆಂದು ಹಾರೈಸಿ ಪಾನಮಾಡುವ ಸಂಪ್ರದಾಯವೂ ಅಲ್ಲಿನ ನಗರಸಭೆಯಲ್ಲಿ ಬೆಳೆದುಬಂದಿತು.

ಆದರೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ಆ ಸೀಮೆಯ ಚಳಿಮಳೆಯಲ್ಲಿ ಗುದ್ದಲಿ ಹಿಡಿದವರಿಗೆ ಯಾವ ಹಾರೈಕೆಯೂ ಇಲ್ಲ. ಮಂತ್ರದಿಂದ ನೀರು ಬಂದಿತೆಂದ ಮೇಲೆ ಅಗೆದವರನ್ನು ನೆನೆಯುವ ಅಗತ್ಯವಾದರೂ ಎಲ್ಲಿ? ನಾಲ್ಕು ತಿಂಗಳಲ್ಲಿ ಮುಗಿದ ಕೆಲಸವೆಂದು ನಾವು ಬೆರಗಾಗುವಾಗ, ಆ ತಿಂಗಳುಗಳು ಯಾವುವೆಂಬುದನ್ನೂ ಗಮನಿಸಬೇಕು. ಈಗ ಪಾಠ ಮಾಡುವ ಅವಕಾಶ ದೊರೆತರೆ ಅಲ್ಲಿಂದಲೇ ಆರಂಭಿಸುವೆನು.