ಒಂದು ವ್ಯಾನಿಗೆ ಎರಡು ಬ್ಯಾಟರಿ ಯಾಕೆ?

ಗಾಲಿ ಮೇಲಿನ ಮನೆ | ಭಾಗ 4

ಯಾವುದಾದರೂ ಕ್ಯಾಂಪರ್ ವ್ಯಾನ್ ಒಳಗೆ ಹೋದಾಗ ಸೀಟು ಎತ್ತಿ ನೋಡಿ. ಎಂಜಿನ್‌ಗೆ ಅಂತ ಕಂಪನಿಯವರೇ ಕೊಟ್ಟ ಬ್ಯಾಟರಿ ಒಂದು ಇದ್ದೇ ಇರುತ್ತೆ, ಅದರ ಜೊತೆಗೆ ಸೀಟಿನಡಿ ಇನ್ನೊಂದು ಕೂತಿರುತ್ತೆ. ಸಾಮಾನ್ಯವಾಗಿ ಎರಡೂ 12 ವೋಲ್ಟ್. ಹಾಗಾದ್ರೆ ಒಂದೇ ದೊಡ್ಡ ಬ್ಯಾಟರಿ ಸಾಕಲ್ವಾ?

ಸಾಕಾಗಲ್ಲ. ಯಾಕೆ ಅಂತ ತಿಳಿಯೋಕೆ 160 ವರ್ಷಕ್ಕಿಂತ ಹಿಂದಕ್ಕೆ ಹೋಗಬೇಕು. ಬನ್ನಿ.

🔋 1859

ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಸುರುಳಿ ಸುತ್ತಿ, ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿದರು. ಅಲ್ಲಿವರೆಗೆ ಬಳಕೆಯಲ್ಲಿದ್ದ ಬ್ಯಾಟರಿಗಳು ಖಾಲಿಯಾದ್ರೆ ಮುಗೀತು. ಇದನ್ನ ಮಾತ್ರ ಮತ್ತೆ ಮತ್ತೆ ಚಾರ್ಜ್ ಮಾಡಬಹುದಿತ್ತು. 1881ರಲ್ಲಿ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಕಮಿಲ್ ಫೋರ್, ಸೀಸದ ಆಕ್ಸೈಡನ್ನು ಪೇಸ್ಟ್ ಮಾಡಿ ತಗಡಿಗೆ ಮೆತ್ತಿದರು. ಅದೇ ಗಾತ್ರದಲ್ಲಿ ಹೆಚ್ಚು ಕರೆಂಟ್ ಶೇಖರಿಸೋಕೆ ಸಾಧ್ಯವಾಯ್ತು. ನಿಮ್ಮ ಮನೆ ಯುಪಿಎಸ್‌ಗೆ ಡಿಸ್ಟಿಲ್ಡ್ ವಾಟರ್ ಹಾಕ್ತೀರಲ್ಲ, ಆ ಬ್ಯಾಟರಿ ಇದೇ ವಂಶದ್ದು.

🔧 1912

ಮೊದಮೊದಲ ಕಾರುಗಳಿಗೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯೋದು ಮಾಮೂಲಿ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅದಕ್ಕೂ ಮುಂಚೆ ಅಂಗಡಿಗಳ ಕ್ಯಾಶ್ ರಿಜಿಸ್ಟರ್‌ಗೆ ವಿದ್ಯುತ್ ಮೋಟಾರ್ ಕೂರಿಸಿದ್ದವರು. ಸಣ್ಣ ಮೋಟಾರ್ ಕೂಡ ಕೆಲವೇ ಕ್ಷಣ ಓಡೋದಾದ್ರೆ ಭಾರೀ ಬಲ ಕೊಡಬಲ್ಲದು ಅಂತ ಅವರಿಗೆ ಗೊತ್ತಿತ್ತು. ಅದೇ ಲೆಕ್ಕ ಹಿಡಿದು ಮಾಡಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು.

ಕಾರಿನ ಬ್ಯಾಟರಿಯ ಗುಣ ನಿರ್ಧಾರವಾಗಿದ್ದು ಇಲ್ಲೇ. ಕೆಲವು ಕ್ಷಣ ಜೋರಾಗಿ ಕರೆಂಟ್ ಕೊಡಬೇಕು, ಆಮೇಲೆ ಎಂಜಿನ್ನೇ ಅದನ್ನ ತುಂಬಿಸುತ್ತೆ. ಅದಕ್ಕೆ ಒಳಗೆ ತೆಳ್ಳನೆಯ ತಗಡುಗಳು, ಅದೂ ತುಂಬಾ ಸಂಖ್ಯೆಯಲ್ಲಿ.

ಲೆಕ್ಕ ಹಾಕಿ ನೋಡಿ. ಸ್ಟಾರ್ಟರ್ 200 ಆಂಪಿಯರ್ ಎಳೆದು 3 ಸೆಕೆಂಡ್ ಓಡಿತು ಅಂದ್ಕೊಳ್ಳಿ. ಖರ್ಚಾಗಿದ್ದು 0.2 ಆಂಪಿಯರ್-ಅವರ್‌ಗಿಂತಲೂ ಕಡಿಮೆ!

🚐 1951

ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಕಪಾಟು ಕೂರಿಸಿ ಕೊಡೋಕೆ ಶುರು ಮಾಡಿತು. ಆ ವ್ಯಾನಿನಲ್ಲಿ ಇದ್ದಿದ್ದು 6 ವೋಲ್ಟ್. ಅದು 12 ವೋಲ್ಟ್ ಆಗಿದ್ದು 1967ರ ಮಾಡೆಲ್‌ನಿಂದ. ಇದರಿಂದ ಏನು ಲಾಭ ಅಂತೀರಾ? 60 ವ್ಯಾಟ್ ಬೇಕಾದ್ರೆ 6 ವೋಲ್ಟ್‌ನಲ್ಲಿ 10 ಆಂಪಿಯರ್ ಹರಿಯಬೇಕು, 12 ವೋಲ್ಟ್‌ನಲ್ಲಿ 5 ಸಾಕು. ಕರೆಂಟ್ ಅರ್ಧ ಆದ್ರೆ ಅದೇ ತಂತಿಯಲ್ಲಿ ಬಿಸಿಯಾಗಿ ಪೋಲಾಗೋದು ಕಾಲುಭಾಗಕ್ಕೆ ಇಳಿಯುತ್ತೆ.

ಆ ಕಾಲದ ಕ್ಯಾಂಪರ್‌ಗಳಿಗೆ ಐಸ್ ತುಂಬಿದ ಪೆಟ್ಟಿಗೆಯೇ ಫ್ರಿಜ್. ಆಮೇಲೆ ನಿಜವಾದ ಫ್ರಿಜ್, ನೀರಿನ ಪಂಪು, ಫ್ಯಾನು, ಈಗ ಲ್ಯಾಪ್‌ಟಾಪು. 12 ವೋಲ್ಟ್ ಫ್ರಿಜ್ ಒಂದು ಸರಾಸರಿ 2 ಆಂಪಿಯರ್ ಎಳೆದರೂ 12 ಗಂಟೆಗೆ 24 ಆಂಪಿಯರ್-ಅವರ್. ಅಂದ್ರೆ ಮೇಲಿನ ಲೆಕ್ಕದ ನೂರಕ್ಕೂ ಹೆಚ್ಚು ಸ್ಟಾರ್ಟ್‌ಗಳಿಗೆ ಸಮ, ಅದೂ ಒಂದೇ ರಾತ್ರಿಯಲ್ಲಿ.

ತೆಳ್ಳನೆ ತಗಡಿನ ಬ್ಯಾಟರಿ ಇಂಥ ದುಡಿಮೆಗೆ ಹುಟ್ಟಿದ್ದೇ ಅಲ್ಲ. ಪದೇಪದೇ ಖಾಲಿ ಮಾಡಿದ್ರೆ ಬೇಗ ಸಾಯುತ್ತೆ. ಬೆಳಗ್ಗೆ ಎದ್ದು ಕೀ ತಿರುಗಿಸಿದ್ರೆ ಬರೀ ಟಿಕ್ ಟಿಕ್ ಸದ್ದು, ಸುತ್ತಮುತ್ತ ಯಾರೂ ಇಲ್ಲ. ಅದಕ್ಕೇ ಮನೆ ಕೆಲಸಕ್ಕೆ ಬೇರೆ ಬ್ಯಾಟರಿ ಬಂತು. ಅದರ ತಗಡು ದಪ್ಪ, ನಿಧಾನವಾಗಿ ಗಂಟೆಗಟ್ಟಲೆ ಕೊಡೋ ಗುಣ. ಎರಡರ ಮಧ್ಯೆ ಒಂದು ರಿಲೇ. ಎಂಜಿನ್ ಓಡುವಾಗ ಎರಡನ್ನೂ ಕೂಡಿಸಿ ಚಾರ್ಜ್ ಮಾಡುತ್ತೆ, ಎಂಜಿನ್ ನಿಂತ ಮೇಲೆ ಬೇರೆ ಮಾಡುತ್ತೆ. ಫ್ರಿಜ್ ಎಷ್ಟೇ ಕುಡಿದರೂ ಎಂಜಿನ್ ಪಾಲು ಭದ್ರ.

⚡ 1997

ದಪ್ಪ ತಗಡಾದ್ರೂ ಸೀಸ ಸೀಸವೇ. ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದ್ರೆ ಆಯಸ್ಸು ಕಮ್ಮಿಯಾಗುತ್ತೆ. ಹಾಗಾಗಿ 100 ಆಂಪಿಯರ್-ಅವರ್ ಅಂತ ಬರೆದಿದ್ರೂ ಬಳಸೋಕೆ ಸಿಗೋದು 50.

1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಒಂದು ಸಂಶೋಧನಾ ಪ್ರಬಂಧ ಹೊರಬಂತು. ಲಿಥಿಯಂ ಬ್ಯಾಟರಿಗೆ ಕಬ್ಬಿಣ ಮತ್ತು ಫಾಸ್ಫೇಟ್ ಬಳಸಬಹುದು ಅಂತ ಅದು ತೋರಿಸಿತು. ಬರೆದವರು ಮೂವರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜಾನ್ ಗುಡ್‌ಇನಫ್. ನಂಜುಂಡಸ್ವಾಮಿ ಅನ್ನೋ ಹೆಸರು ನಮ್ಮ ಕಿವಿಗೆ ಹೊಸದಲ್ಲ ಅಲ್ವಾ? ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ, 97ನೇ ವಯಸ್ಸಿನಲ್ಲಿ, ಇತರ ಇಬ್ಬರ ಜೊತೆ ನೊಬೆಲ್ ಬಂತು.

ಫಾಸ್ಫೇಟ್ ತನ್ನ ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಬಿಸಿಯಾದ್ರೂ ಬೇರೆ ಲಿಥಿಯಂ ಜಾತಿಗಳಷ್ಟು ಸುಲಭವಾಗಿ ಬೆಂಕಿ ಹಿಡಿಯಲ್ಲ. ನಾವು ಮಲಗೋ ಹಾಸಿಗೆ ಕೆಳಗೆ ಇಡೋ ವಸ್ತುವಿಗೆ ಇದು ಸಣ್ಣ ಗುಣವಲ್ಲ. 3.2 ವೋಲ್ಟ್‌ನ ನಾಲ್ಕು ಸೆಲ್ ಸೇರಿಸಿದ್ರೆ 12.8 ವೋಲ್ಟ್, ಹಳೇ 12 ವೋಲ್ಟ್ ಸಾಮಾನಿಗೆ ಸರಿಹೊಂದುತ್ತೆ. ತೂಕ ಸೀಸದ ಅರ್ಧದಷ್ಟು, 80 ಭಾಗ ಖಾಲಿ ಮಾಡಿದ್ರೂ ತಡೆಯುತ್ತೆ.

👉 ಟಿಟಿ ಅಥವಾ ಓಮ್ನಿಯನ್ನ ಮನೆ ಮಾಡ್ಕೊಳ್ಳೋ ಯೋಚನೆಯಲ್ಲಿದ್ದೀರಾ? ಮೂರು ಮಾತು.

1. ಸೀಸದ ಬ್ಯಾಟರಿ ತೆಗೆದು ಅದೇ ರಿಲೇಗೆ ಲಿಥಿಯಂ ಜೋಡಿಸಿ ಸುಮ್ಮನಾಗಬೇಡಿ. ಲಿಥಿಯಂ ಸಿಕ್ಕಷ್ಟೂ ಕರೆಂಟ್ ಎಳೆದುಕೊಳ್ಳುತ್ತೆ, ಆಲ್ಟರ್ನೇಟರ್ ಸುಟ್ಟುಹೋಗಬಹುದು. ಕರೆಂಟ್‌ಗೆ ಮಿತಿ ಹಾಕೋ ಡಿಸಿ-ಟು-ಡಿಸಿ ಚಾರ್ಜರ್ ಮಧ್ಯೆ ಇರಲಿ.

2. ಲಡಾಖ್ ಕಡೆ ಹೋಗೋರು ನೆನಪಿಡಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನ ಚಾರ್ಜ್ ಮಾಡಿದ್ರೆ ಒಳಗಿನ ಸೆಲ್ ಹಾಳಾಗುತ್ತೆ. ಅದನ್ನ ತಡೆಯೋ ಬಿಎಂಎಸ್ ಇದೆಯಾ ಅಂತ ಕೇಳಿಯೇ ಕೊಳ್ಳಿ.

3. ಬ್ಯಾಟರಿಯಿಂದ ಪ್ಲಸ್ ತಂತಿ ಹೊರಡೋ ಜಾಗದ ಹತ್ತಿರವೇ ಫ್ಯೂಸ್ ಹಾಕಿ. ಪ್ಯಾನೆಲ್ ಹಿಂದೆ ತಂತಿ ಉಜ್ಜಿ ಬಾಡಿಗೆ ತಾಗಿದ್ರೆ ನೂರಾರು ಆಂಪಿಯರ್ ಹರಿಯುತ್ತೆ. ಆಗ ತಂತಿ ಕೆಂಡವಾಗೋಕೆ ಮುಂಚೆ ಕಡಿದುಕೊಳ್ಳಬೇಕಾದ್ದು ಫ್ಯೂಸ್ ಒಂದೇ. 12 ವೋಲ್ಟ್ ತಾನೇ ಅನ್ನೋ ಸದರ ಬೇಡ. ಅದು ಶಾಕ್ ಹೊಡೆಯದೇ ಇರಬಹುದು, ಬೆಂಕಿ ಹಚ್ಚೋಕೆ ಬೇಕಾದಷ್ಟಾಯ್ತು.

ಮುಂದಿನ ಭಾಗ: 1954ರಲ್ಲಿ ಬೆಲ್ ಲ್ಯಾಬ್ಸ್ ತೋರಿಸಿದ ಸಿಲಿಕಾನ್ ಸೋಲಾರ್ ಸೆಲ್ ವ್ಯಾನಿನ ಟಾಪ್ ಏರಿದ ಕಥೆ.

ವ್ಯಾನ್ ತಗೊಳ್ಳೋ ಕನಸಿರೋ ಗೆಳೆಯರಿಗೆ ಇದನ್ನ ಕಳಿಸಿ. ಅವರ ಫ್ಯೂಸ್ ಎಲ್ಲಿದೆ ಅಂತಲೂ ಕೇಳಿ 🙂

#ಗಾಲಿಮೇಲಿನಮನೆ #ಬ್ಯಾಟರಿಚರಿತ್ರೆ #ಕ್ಯಾಂಪರ್‌ವ್ಯಾನ್