ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಾಳಿಗೆಯ ಮನೆಗಳು

ಚರಿತ್ರಕಾರರು ಅರಸರ ಕೋಟೆ ಕೊತ್ತಲಗಳನ್ನೂ ದೇವಾಲಯಗಳ ಶಿಖರಗಳನ್ನೂ ಅಳೆದು ಬರೆದಿಟ್ಟಿರುವರು. ಒಕ್ಕಲಿಗನ ಮನೆಯನ್ನು ಅಳೆದು ಬರೆದವರು ವಿರಳ. ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಕಲ್ಲಿನ ಗುಡಿಯು ಸಾವಿರ ವರ್ಷ ನಿಂತು ತನ್ನ ಕಥೆಯನ್ನು ತಾನೇ ಹೇಳುವದು. ಮಣ್ಣಿನ ಮಾಳಿಗೆಯಾದರೋ ವರ್ಷಕ್ಕೊಮ್ಮೆ ಯಜಮಾನನ ಕೈ ತಾಗದಿದ್ದರೆ ಕೆಲವೇ ಮಳೆಗಾಲಗಳಲ್ಲಿ ನೆಲಸಮವಾಗುವದು. ಆದರೂ ಈ ಪ್ರಾಂತದ ಜನರ ಬುದ್ಧಿ, ಅವರ ಬಡತನ, ಅವರ ಆತಿಥ್ಯ, ಅವರು ಮಾಡಿದ ತಪ್ಪು ಇವೆಲ್ಲವೂ ಮನೆಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಕೋಟೆಯಲ್ಲಿ ಕಾಣಲಾರವು. ಭಕ್ತರ ಊರುಗಳಲ್ಲಿ ಅಜ್ಜ ಮುತ್ತಜ್ಜರು ಕಟ್ಟಿದ ಮನೆಗಳು ದಿನದಿನಕ್ಕೆ ಬೀಳುತ್ತಲೂ ಕೆಡವಲ್ಪಡುತ್ತಲೂ ಇರುವ ಈ ಕಾಲದಲ್ಲಿ ಅವು ಯಾವದರ ಬಲದಿಂದ ನಿಂತಿದ್ದವು, ಯಾವ ಕಾರಣದಿಂದ ಬಿದ್ದವು ಎಂಬದನ್ನು ವಿಚಾರಿಸುವದು ಅವಶ್ಯವಾಗಿದೆ.

ಮೊದಲು ನೆಲದ ಮಾತು. ಆಳಂದ ತಾಲೂಕು ಕರಿಕಲ್ಲಿನ ಸೀಮೆ. ಪುರಾತನ ಕಾಲದಲ್ಲಿ ಜ್ವಾಲಾಮುಖಿಯ ದ್ರವವು ಹರಿದು ಆರಿ ಹುಟ್ಟಿದ ಈ ಕಲ್ಲು ಉಳಿಗೆ ಸುಲಭವಾಗಿ ಬಗ್ಗುವದಿಲ್ಲ; ಹೊಲದಲ್ಲಿ ಸಿಕ್ಕ ಗುಂಡುಕಲ್ಲುಗಳನ್ನೇ ಕೆಸರಿನಲ್ಲಿ ಕೂಡಿಸಿ ಗೋಡೆಯನ್ನೇರಿಸಬೇಕು. ಅಮರ್ಜಾ ಹೊಳೆಯು ಇದೇ ತಾಲೂಕಿನಿಂದ ಇಳಿದು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿಯಲ್ಲಿ ಭೀಮೆಯನ್ನು ಕೂಡುವದು. ಅಫಜಲಪುರದ ನೆಲವೂ ಬಹುತರವಾಗಿ ಕರಿಕಲ್ಲು ಮತ್ತು ಎರೆಯದೇ. ಭೀಮೆಯ ಜಾಡು ಹಿಡಿದು ಜೇವರ್ಗಿಯ ಕಡೆಗೆ ಬಂದರೆ ಎರೆಯ ಅಡಿಯಲ್ಲಿ ಪದರು ಪದರಾದ ಸುಣ್ಣದ ಕಲ್ಲು ತಲೆದೋರುವದು. ಇದೇ ಜಾತಿಯ ಕಲ್ಲು ಶಹಾಬಾದದ ಗಣಿಗಳ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧವಾಗಿ, ಜನರ ಬಾಯಲ್ಲಿ ಪರಸಿ ಎನಿಸಿಕೊಂಡಿತು. ನೆಲಹಾಸು ಎಂಬರ್ಥದ ಫರ್ಶ್ ಎಂಬ ಪಾರಸಿ ಶಬ್ದವೇ ಇದರ ಮೂಲವು. ಹೆಸರು ಈಚಿನದಾದರೂ ಉಪಯೋಗವು ಬಲು ಹಿಂದಿನದು. ಜೇವರ್ಗಿಯಿಂದ ಹೊಳೆಯ ಹರಿವಿನಗುಂಟ ಕೆಳಗೆ, ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧರು ತಮ್ಮ ಸ್ತೂಪಕ್ಕೆ ಹೊದಿಸಿದ ಶಿಲ್ಪದ ಹಲಗೆಗಳು ಇಂತಹ ಸುಣ್ಣದ ಕಲ್ಲಿನವೇ ಆಗಿವೆ.

ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಈ ಸೀಮೆಯು ಅಳಂದೆ ಸಾಸಿರವೆಂದು ಕರೆಯಲ್ಪಟ್ಟಿದೆ. ಆ ವಂಶದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೃಹನಿರ್ಮಾಣವೂ ಭಿತ್ತಿಚಿತ್ರದ ಲೇಪನಕ್ರಮವೂ ವರ್ಣಿತವಾಗಿವೆ. ಆದರೆ ಅದು ಅರಮನೆಯ ಭೋಗವನ್ನು ಹೇಳುವ ಗ್ರಂಥ. ಒಕ್ಕಲಿಗನ ಶಿಲ್ಪಶಾಸ್ತ್ರವು ಬಡಿಗನ ಕೈಯಲ್ಲಿಯೇ ಉಳಿಯಿತು. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡ ಮೇಲೆ, ವಿಶೇಷವಾಗಿ ಫಿರೋಜಶಹನು 1400ರ ಸುಮಾರಿಗೆ ಭೀಮೆಯ ದಂಡೆಯಲ್ಲಿ ಫಿರೋಜಾಬಾದವನ್ನು ಕಟ್ಟಿಸಿದ ಮೇಲೆ, ಗಚ್ಚಿನ ಕೆಲಸವೂ ಕಮಾನಿನ ಹೆಚ್ಚಳವೂ ಈ ನಾಡಿನ ಗೌಂಡಿಗಳಿಗೆ ಪರಿಚಿತವಾದವು. ಗೌಡ ದೇಸಾಯರ ವಾಡೆಗಳ ಬಾಗಿಲು ಕಮಾನು, ದಿವಾಣಖಾನೆ ಮುಂತಾದ ಹೆಸರುಗಳು ಇದನ್ನೇ ಸೂಚಿಸುವವು. ಆದರೂ ಒಳಗಿನ ಮನೆಯ ಅಸ್ಥಿಪಂಜರವು ಬದಲಾಗಲಿಲ್ಲ. ಅದು ಕಂಬದ್ದು.

ಈ ಅಸ್ಥಿಪಂಜರವನ್ನು ತುಸು ನಿಧಾನವಾಗಿ ನೋಡತಕ್ಕದ್ದು. ಈ ನಾಡಿನಲ್ಲಿ ಮನೆಯನ್ನು ಮೊಳ, ಅಡಿಗಳಿಂದ ಅಳೆಯುತ್ತಿರಲಿಲ್ಲ, ಅಂಕಣದಿಂದ ಅಳೆಯುತ್ತಿದ್ದರು. ಕಂಬ ಕಂಬಗಳ ನಡುವಿನ ಒಂದು ಪಾಲು ಒಂದು ಅಂಕಣ. ಮರಾಠಿಯ ಬಳಕೆಯುಳ್ಳ ಗಡಿಯ ಊರುಗಳಲ್ಲಿ ಇದಕ್ಕೆ ಖಣವೆಂದೂ ಹೇಳುವರು. ಐದಂಕಣದ ಮನೆ, ಒಂಬತ್ತಂಕಣದ ಮನೆ ಎಂದೊಡನೆ ಆ ಮನೆತನದ ಸ್ಥಿತಿಗತಿಯು ಕೇಳುವವನಿಗೆ ತಿಳಿದುಹೋಗುತ್ತಿತ್ತು. ಕಲ್ಲಿನ ಪೀಠದ ಮೇಲೆ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿಗಳು. ಉಳ್ಳವರು ಸಾಗವಾನಿಯನ್ನು ದೂರದಿಂದ ತರಿಸುವರು. ಇಲ್ಲದವರಿಗೆ ಹೊಲದ ಬದುವಿನ ಜಾಲಿ, ಬೇವುಗಳೇ ಗತಿ. ಗಮನಿಸತಕ್ಕ ಸಂಗತಿಯೇನೆಂದರೆ, ಒಳ್ಳೆಯ ಬಡಿಗನು ಕಟ್ಟಿದ ಮನೆಯಲ್ಲಿ ಗೋಡೆಗೆ ಹತ್ತಿಕೊಂಡೂ ಒಳಮಗ್ಗುಲಲ್ಲಿ ಕಂಬಗಳಿರುವವು. ಮಾಳಿಗೆಯ ಭಾರವೆಲ್ಲ ಆ ಕಂಬಗಳ ಮೇಲೆಯೇ ಇಳಿಯುವದು. ಎರಡಡಿ, ಮೂರಡಿ ದಪ್ಪದ ಗೋಡೆಯು ಬಿಸಿಲು, ಕಳ್ಳರು, ಗಾಳಿಗಳಿಗೆ ಅಡ್ಡವಾಗಿ ನಿಂತಿರುವದೇ ಹೊರತು ಮಾಳಿಗೆಯನ್ನು ಹೊತ್ತಿರುವದಿಲ್ಲ.

ಜಂತಿಗಳ ಮೇಲೆ ಸೀಳುಕಟ್ಟಿಗೆ, ಅದರ ಮೇಲೆ ತೊಗರಿಕಟ್ಟಿಗೆಯ ಹಾಸು, ಹುಳ ಹತ್ತದಂತೆ ಬೇವಿನ ಅಥವಾ ಲಕ್ಕಿಯ ತಪ್ಪಲು, ಆಮೇಲೆ ಹದಮಾಡಿದ ಮಣ್ಣು. ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ಪದರು. ಹೊಲಕ್ಕೆ ಶತ್ರುವಾದ ಸವುಳು ಮಾಳಿಗೆಗೆ ಮಿತ್ರನಾದದ್ದು ಹಿರಿಯರ ಪರೀಕ್ಷೆಯ ಫಲ. ಆ ಮಣ್ಣು ನೀರು ತಾಗಿದೊಡನೆ ನುಣ್ಣನೆಯ ಕಣಗಳಾಗಿ ಬಿಡಿಸಿಕೊಂಡು ಸಂದುಗಳನ್ನೆಲ್ಲ ಮುಚ್ಚುವದು. ಅದರಲ್ಲಿ ಹುಲ್ಲೂ ಸರಿಯಾಗಿ ಹುಟ್ಟದು. ಮನೆಯ ಸುತ್ತ ಯಥೇಚ್ಛವಾಗಿ ಸಿಗುವ ಎರೆಮಣ್ಣನ್ನು ಯಾರೂ ಮೇಲಕ್ಕೆ ಹಾಕುತ್ತಿರಲಿಲ್ಲ. ಅದು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವದು, ಮಳೆಯಲ್ಲಿ ಉಬ್ಬುವದು. ಈ ಕಾರಣದಿಂದಲೇ ಅಡಿಪಾಯವನ್ನು ಎರೆಯನ್ನು ದಾಟಿ ಗರಸು ಸಿಗುವವರೆಗೆ ಅಗಿಯುತ್ತಿದ್ದರು. ಮಾಳಿಗೆಯ ಅಂಚಿಗೆ ಕುಂಬಿ, ಕುಂಬಿಯಲ್ಲಿ ನೀರನ್ನು ಗೋಡೆಯಿಂದ ದೂರ ಚಿಮ್ಮಿಸುವ ಕಲ್ಲಿನ ದೋಣಿ, ನಡುವೆ ಬೆಳಕಿಂಡಿ. ಮಳೆ ಬಂದಾಗ ಬೆಳಕಿಂಡಿಯ ಮೇಲೆ ಪರಸಿಯನ್ನೋ ಗಡಿಗೆಯನ್ನೋ ಬೋರಲು ಹಾಕುವ ಕೆಲಸವು ಮನೆಯ ಹುಡುಗರದು.

ಜೇವರ್ಗಿಯ ಕಡೆಯ ಗೋಡೆಗಳು ಪರಸಿಯ ಚಪ್ಪಟೆಯಾದ ತುಣುಕುಗಳಿಂದ ಸಾಲುಸಾಲಾಗಿ ಕೂಡುವದರಿಂದ ಆಳಂದದ ಗುಂಡುಕಲ್ಲಿನ ಗೋಡೆಗಳಿಗಿಂತ ನೆಟ್ಟಗೆ ನಿಲ್ಲುವವು. ಈ ಭೇದವು ಮುಂದೆ ಉಪಯೋಗಕ್ಕೆ ಬರುವದು.

ಮನೆಯ ಒಳಗೆ ಕಾಲಿಟ್ಟರೆ ಮೊದಲು ತಗ್ಗಿನಲ್ಲಿ ದನಗಳ ಅಂಕಣ, ಗೋದಲಿ. ಅಲ್ಲಿಂದ ಮೇಲೆ ಹತ್ತಿದರೆ ಪಡಸಾಲೆ. ಅದರಾಚೆ ಅಡಿಗೆಯ ಮನೆ, ದೇವರ ಕೋಣೆ. ಜೋಳಕ್ಕೆ ನೆಲದೊಳಗಿನ ಹಗೇವು. ಒಕ್ಕಲಿಗನು ತನ್ನ ಎತ್ತುಗಳನ್ನು ಕಣ್ಣೆದುರಿಗೇ ಕಟ್ಟಿಕೊಂಡು ಮಲಗುತ್ತಿದ್ದನೆಂಬದನ್ನು ಈಗಿನ ನಾಗರಿಕರು ಹೀಯಾಳಿಸಬಹುದು; ಎತ್ತು ಕಳೆದುಹೋದರೆ ಆ ವರ್ಷದ ಬಿತ್ತಿಗೆಯೇ ಹೋದಂತೆ ಎಂಬದನ್ನು ಬಲ್ಲವರು ಹೀಯಾಳಿಸಲಾರರು. ಪಡಸಾಲೆಯನ್ನು ಮಾತ್ರ ಬಡವನೂ ತನ್ನ ಶಕ್ತಿ ಮೀರಿ ದೊಡ್ಡದಾಗಿ ಕಟ್ಟುವನು. ಜಂಗಮರು, ಬೀಗರು, ದಾರಿಕಾರರು ಬಂದು ಕೂಡ್ರುವ ಸ್ಥಳವದು. ದಾಸೋಹದಿಂದ ಲೋಕಪ್ರಸಿದ್ಧರಾದ ಶ್ರೀ ಶರಣಬಸವೇಶ್ವರರು (1746–1822) ಜನ್ಮವೆತ್ತಿದ ಅರಳಗುಂಡಗಿಯು ಜೇವರ್ಗಿ ತಾಲೂಕಿನ ಊರೇ ಎಂಬದು ಭಕ್ತರಿಗೆ ತಿಳಿದ ವಿಷಯ.

ಅಲಂಕಾರವು ಉಪಯೋಗದ ಬೆನ್ನು ಬಿಟ್ಟು ಹೋಗುತ್ತಿರಲಿಲ್ಲ. ತಲೆಬಾಗಿಲಿನ ಚೌಕಟ್ಟಿನಲ್ಲಿ ಕಮಲ, ಬಳ್ಳಿ, ನಂದಿಗಳ ಕೆತ್ತನೆ; ಬೋದಿಗೆಯಲ್ಲಿ ಸುರುಳಿ; ದಪ್ಪ ಗೋಡೆಯಲ್ಲಿ ದೀಪಕ್ಕೂ ಪುಸ್ತಕಕ್ಕೂ ಗೂಡುಗಳು; ಪಾತ್ರೆಗಳಿಗೆ ನಾಗೊಂದಿಗೆ. ಗೋಡೆಗೆ ಸುಣ್ಣ, ಅದರ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ನೆಲಕ್ಕೆ ಸಾರಣೆ, ಹೊಸ್ತಿಲ ಮುಂದೆ ರಂಗೋಲಿ. ಹಾಸಲು ಹೊದೆಯಲು ಹಳೆಯ ಸೀರೆಗಳ ಕೌದಿ. ಇವುಗಳಲ್ಲಿ ಬಹುಭಾಗವು ಹೆಣ್ಣುಮಕ್ಕಳ ಕೈಕೆಲಸ. ಗಂಡಸರು ಕಟ್ಟಿದ ಮನೆಯನ್ನು ಉಳಿಸಿದವರು ಅವರೇ ಎಂದರೆ ಅತಿಶಯೋಕ್ತಿಯಾಗದು. ಬಡಿಗ ಕಂಬಾರರಿಗೆ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿತ್ತು; ಆದುದರಿಂದ ಬಿರುಕು ಬಿಟ್ಟ ತೊಲೆಯನ್ನು ನೋಡಲು ಕರೆದರೆ ಬಡಿಗನು ಬರಲೇಬೇಕು.

ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮೀರಿ ಹೋಗುವದು. ದಪ್ಪ ಗೋಡೆಯೂ ಮಣ್ಣಿನ ಮಾಳಿಗೆಯೂ ಹಗಲಿನ ಕಾವನ್ನು ತಮ್ಮಲ್ಲಿ ಹೀರಿಕೊಂಡು ರಾತ್ರಿಗೆ ಒಳಗೆ ಬಿಡುವವು. ಆ ಹೊತ್ತಿಗೆ ಮನೆಯವರು ಮಾಳಿಗೆಯ ಮೇಲೆ ನಕ್ಷತ್ರ ನೋಡುತ್ತ ಮಲಗಿರುವರು. ನಾಲ್ಕೈದು ಅಂಗುಲದ ಸಿಮೆಂಟು ಮಾಳಿಗೆಗೆ ಈ ತಾಳ್ಮೆಯಿಲ್ಲ. ಈಗ ಪರಿಸರಸ್ನೇಹಿ ಎಂದು ಹೊಗಳಲ್ಪಡುವ ಗುಣಗಳೆಲ್ಲ ಈ ಮನೆಗಳಲ್ಲಿದ್ದದ್ದು ನಿಜ. ಹೊಗಳಿಕೆಯು ಇಲ್ಲಿಗೇ ನಿಂತರೆ ಚರಿತ್ರೆಯು ಅರ್ಧವಾಗುವದು.

1993ನೆಯ ಇಸವಿ ಸಪ್ಟಂಬರ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವು ನಿಮಿಷಗಳಿರುವಾಗ, ಆಳಂದದ ಗಡಿಯಾಚೆ ಲಾತೂರ, ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಭೂಮಿಯು ನಡುಗಿತು. ಹಿಂದಿನ ದಿನವಷ್ಟೇ ಗಣಪತಿಯನ್ನು ಕಳಿಸಿ ದಣಿದು ಜನರು ಒಳಗೆ ಮಲಗಿದ್ದರು. ಕಿಲ್ಲಾರಿ ಮೊದಲಾದ ಊರುಗಳು ಕ್ಷಣಮಾತ್ರದಲ್ಲಿ ಕಲ್ಲಿನ ರಾಶಿಗಳಾದವು; ಸತ್ತವರು ಹತ್ತು ಸಾವಿರದ ಹತ್ತಿರ. ಕಂಪನವು ಕಲಬುರಗಿ ಜಿಲ್ಲೆಯವರಿಗೂ ಅನುಭವಕ್ಕೆ ಬಂದಿತು. ಅಲ್ಲಿ ಬಿದ್ದ ಮನೆಗಳು ಪರರ ಮನೆಗಳಲ್ಲ. ಅದೇ ಕರಿಕಲ್ಲು, ಅದೇ ಕೆಸರು, ಅದೇ ಮಾಳಿಗೆ. ಜನರನ್ನು ಕೊಂದದ್ದು ತಂಪುಕೊಟ್ಟ ಆ ಗೋಡೆ ಮಾಳಿಗೆಗಳೇ ಎಂಬ ಸತ್ಯವನ್ನು ಮರೆಮಾಚಲಾಗದು.

ತರುವಾಯ ತಜ್ಞರು ಪರೀಕ್ಷಿಸಿ ನೋಡಿದಾಗ ಒಂದು ಭೇದವು ಕಂಡುಬಂದಿತು. ತೊಲೆಗಳು ನೇರವಾಗಿ ಗೋಡೆಯ ಮೇಲೆ ಕೂತಿದ್ದಲ್ಲಿ ಗೋಡೆ ಕುಸಿದೊಡನೆ ಮಾಳಿಗೆಯೂ ಮಲಗಿದವರ ಮೇಲೆ ಬಂದಿತು. ಕಂಬಗಳ ಮೇಲೆ ಮಾಳಿಗೆಯಿದ್ದ ಎಷ್ಟೋ ಮನೆಗಳಲ್ಲಿ ಗೋಡೆಗಳು ಉರುಳಿದರೂ ಕಂಬ ತೊಲೆಗಳ ಚೌಕಟ್ಟು ಮಾಳಿಗೆಯನ್ನು ಹೊತ್ತು ನಿಂತಿತ್ತು. ಎಂದರೆ ಹಳೆಯ ಬಡಿಗನ ನಿಯಮವನ್ನು ಮುರಿದಲ್ಲಿ ಕೇಡು ಹೆಚ್ಚಾಯಿತು. ಮುರಿದದ್ದು ಏಕೆ? ಬಯಲುಸೀಮೆಯಲ್ಲಿ ಮರ ತೀರಿತು, ಬೆಲೆ ಏರಿತು. ಅಣ್ಣತಮ್ಮಂದಿರು ಪಾಲಾಗಿ ಮನೆಯ ನಡುವೆ ಗೋಡೆ ಬಂದಿತು. ಗೋಡೆ ಇದ್ದ ಮೇಲೆ ಕಂಬವೇತಕ್ಕೆ ಎಂದು ಕಂಬವನ್ನು ಬಿಟ್ಟರು. ಎರಡನೆಯ ದೋಷವು ಇನ್ನೂ ಸೂಕ್ಷ್ಮವಾದದ್ದು. ಮೃಗಶಿರಾ ಮಳೆಯ ಮುಂಚೆ ಮಾಳಿಗೆಯ ಹಳೆಯ ಮಣ್ಣನ್ನು ಕೆರೆದು ಹೊಸದನ್ನು ಹಾಕಬೇಕು. ಕೆರೆಯುವ ಶ್ರಮವನ್ನು ತಪ್ಪಿಸಿ ಸೋರಿದಲ್ಲೆಲ್ಲ ಮೇಲೆ ಮೇಲೆ ಮಣ್ಣು ಸುರಿಯುತ್ತ ಬಂದರೆ ಒಂದು ತಲೆಮಾರಿನಲ್ಲಿ ಅಡಿಯ ಪದರು ಎರಡಡಿಯಾಗುವದು. ಹತ್ತಡಿ ಚೌಕದ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಹೆಚ್ಚು ಕಡಿಮೆ ನಾಲ್ಕೂವರೆ ಟನ್ನು, ಎರಡಡಿಯೆಂದರೆ ಒಂಬತ್ತು. ಮೂರನೆಯದು ಗೋಡೆಯ ದೋಷ. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು ಕಲ್ಲಿಟ್ಟು ನಡುವೆ ಜಲ್ಲಿ ಕೆಸರು ತುಂಬಿದ ಗೋಡೆಯಲ್ಲಿ ಎರಡೂ ಮುಖಗಳನ್ನು ಕಟ್ಟಿಹಾಕುವ ಉದ್ದಗಲ್ಲು ಇಲ್ಲದಿದ್ದರೆ, ಅಲುಗಿದೊಡನೆ ಗೋಡೆಯು ಸೀಳಿ ಎರಡಾಗುವದು. ಗುಂಡುಕಲ್ಲಿನ ಸೀಮೆಗೆ ಈ ಭಯ ಹೆಚ್ಚು, ಚಪ್ಪಟೆಗಲ್ಲಿನ ಸೀಮೆಗೆ ಕಡಿಮೆ.

ಭೂಕಂಪವಾದ ಮೇಲೆ ಭೀಮೆಯ ದಂಡೆಯವರಿಗೆ ನೀರಿನ ಪರೀಕ್ಷೆ ಬಂದಿತು. 2009ರ ಸಪ್ಟಂಬರ ಕೊನೆ, ಅಕ್ಟೋಬರ ಮೊದಲಿನ ಅತಿವೃಷ್ಟಿಯಲ್ಲಿಯೂ, 2020ರ ಅಕ್ಟೋಬರದ ಮಹಾಪೂರದಲ್ಲಿಯೂ ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಳೆಸಾಲಿನ ಊರುಗಳು ತೊಯ್ದವು. ಕೆಸರಿನಲ್ಲಿ ಕಟ್ಟಿದ ಗೋಡೆಯು ಬುಡದಲ್ಲಿ ನೀರು ನಿಂತರೆ ತಾಳದು. ಈ ಮಾತಿನಲ್ಲಿ ಸಿಮೆಂಟಿನ ಮನೆಯ ಪಕ್ಷವೇ ಗೆಲ್ಲುವದು, ಅದನ್ನು ಒಪ್ಪಬೇಕು. 2009ರ ತರುವಾಯ ಸರಕಾರದವರು ‘ಆಸರೆ’ ಯೋಜನೆಯಲ್ಲಿ ಎತ್ತರದ ನೆಲದ ಮೇಲೆ ಹೊಸ ಮನೆಗಳನ್ನು ಕಟ್ಟಿಸಿದರು. ಅಂತಹ ಸಣ್ಣ ಮನೆಗಳಲ್ಲಿ ಎತ್ತಿಗೂ ಹಗೇವಿಗೂ ಸ್ಥಳವನ್ನು ಎಣಿಸುವದಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ಎಂಬ ಸಂಶೋಧನ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಕೂಡಿಸಿ ಯಂತ್ರದಿಂದ ಒತ್ತಿದ ಇಟ್ಟಿಗೆಗಳನ್ನು ಬಳಕೆಗೆ ತಂದರು. ಉಬ್ಬುವ ಎರೆಮಣ್ಣು ಅದಕ್ಕೆ ನೇರವಾಗಿ ಒದಗದು, ಉಸುಕು ಬೆರೆಸಬೇಕಾಗುವದು.

ಇಷ್ಟರಲ್ಲಿ ಇನ್ನೊಂದು ವ್ಯಾಪಾರವು ಬೆಳೆದಿದೆ. ಕೆಡವಿದ ವಾಡೆಗಳ ಕಂಬ, ಬೋದಿಗೆ, ಕೆತ್ತನೆಯ ಚೌಕಟ್ಟುಗಳನ್ನು ಕೊಂಡು ದೊಡ್ಡ ಪಟ್ಟಣಗಳಿಗೆ ಸಾಗಿಸುವವರಿರುವರು. ಅಲ್ಲಿ ಶ್ರೀಮಂತರ ಹೊಸ ಮನೆಗಳ ನಡುಕೋಣೆಯಲ್ಲಿ ಸಾಗವಾನಿಯ ಕಂಬವನ್ನು ಎಣ್ಣೆ ಹಚ್ಚಿ ನಿಲ್ಲಿಸುವರು. ಮೇಲಿನ ಭಾರವು ಸಿಮೆಂಟಿನ ಮೇಲಿರುವದು, ಕಂಬವು ನೋಟಕ್ಕೆ ಮಾತ್ರ. ಮಾರಿದವನು ಆ ಹಣದಲ್ಲಿ ತಗಡು ತಂದು ಹೊದಿಸುವನು.

ಇನ್ನೂ ನಿಂತಿರುವ ಮನೆಗಳ ಯಜಮಾನರು ದೀಪ ಹಿಡಿದು ಒಳಗಿನಿಂದ ನೋಡಿದರೆ ತೊಲೆಯ ತುದಿಯು ಕಂಬದ ಮೇಲಿದೆಯೋ ಗೋಡೆಯ ಮೇಲಿದೆಯೋ ತಿಳಿಯುವದು. ಕಂಬದ ಬುಡವನ್ನು ಉಳಿಯಿಂದ ತಟ್ಟಿದರೆ ಗೆದ್ದಲಿನ ಪೊಳ್ಳು ಗೊತ್ತಾಗುವದು. 1993ರ ನಂತರ ತಜ್ಞರು ಸೂಚಿಸಿದ ದುರಸ್ತಿಯೂ ಅಸಾಧ್ಯವಾದದ್ದಲ್ಲ: ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸುವದು, ಗೋಡೆಯಲ್ಲಿ ಅಲ್ಲಲ್ಲಿ ಆರುಪಾರು ರಂಧ್ರ ತೆಗೆದು ಎರಡೂ ಮುಖಗಳನ್ನು ಹಿಡಿಯುವ ಉದ್ದಗಲ್ಲನ್ನು ಕೂಡಿಸುವದು, ಕಂಬ ತೊಲೆಗಳು ಕೂಡುವ ಮೂಲೆಯಲ್ಲಿ ಓರೆಯಾಗಿ ಆಸರೆಗಟ್ಟಿಗೆ ಬಡಿಯುವದು. ಮಣ್ಣನ್ನು ಇಳಿಸುವಾಗ ಒಂದೇ ಮಗ್ಗುಲಿನಿಂದ ಎಲ್ಲವನ್ನೂ ತೆಗೆಯದೆ ಎರಡೂ ಕಡೆಯಿಂದ ಸಮನಾಗಿ ತೆಗೆಯಬೇಕು, ಆ ದಿನ ಒಳಗೆ ಯಾರೂ ಇರಬಾರದು.